ಬಾಣ ಬಿಡುವ ಬೀಜಾಣು

ಒಂದು ರೇಷ್ಮೆ ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳು ನೋಡಲು ಆರೋಗ್ಯವಾಗಿಯೇ ಇರುತ್ತವೆ. ಮರಿಗಳು ಹೊರಬಂದು ಹಿಪ್ಪುನೇರಳೆ ಸೊಪ್ಪು ಮೇಯತೊಡಗುತ್ತವೆ. ದಿನ ಕಳೆದಂತೆ ಕೆಲವು ಸೊಪ್ಪು ಬಿಟ್ಟು ಸಣಕಲಾಗುತ್ತವೆ. ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ಏಳುತ್ತವೆ. ಇದೇ ಪೆಬ್ರಿನ್ ರೋಗ. ದಕ್ಷಿಣ ಫ್ರಾನ್ಸಿನ ಆಡುಮಾತಿನಲ್ಲಿ ಮೆಣಸಿಗಿದ್ದ ಹೆಸರಿನಿಂದಲೇ ರೋಗಕ್ಕೂ ಈ ಹೆಸರು ಬಂತು. ಕರ್ನಾಟಕದ ರೇಷ್ಮೆ ಬೆಳೆಗಾರರು ಇದನ್ನು ಗಂಟುರೋಗ ಎನ್ನುತ್ತಾರೆ.

ರೋಗಕ್ಕೆ ಕಾರಣ ನೊಸೆಮಾ ಬಾಂಬಿಸಿಸ್ ಎಂಬ ಏಕಕೋಶ ಪರೋಪಜೀವಿ. ಹುಳುವಿನ ಜೀವಕೋಶದ ಹೊರಗೆ ಇದು ಬೆಳೆಯಲಾರದು. ಹೊರಗೆ ಬದುಕಿ ಉಳಿಯಲು ಇದು ಬೀಜಾಣುವಿನ ರೂಪ ತಾಳುತ್ತದೆ. ಈ ಬೀಜಾಣುವಿನ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಮೂರು-ನಾಲ್ಕು ಭಾಗ ಮಾತ್ರ. ಹೊರಗೆ ಗಟ್ಟಿ ಕವಚ. ಒಳಗೆ ಸುರುಳಿ ಸುತ್ತಿಕೊಂಡ ಉದ್ದನೆಯ ನಳಿಕೆ.

ಸೊಪ್ಪಿನೊಂದಿಗೆ ಬೀಜಾಣು ಹುಳುವಿನ ಕರುಳು ಸೇರುತ್ತದೆ. ಅಲ್ಲಿನ ಕ್ಷಾರೀಯ ರಸ ತಾಗಿದೊಡನೆ ಅದರೊಳಗೆ ಒತ್ತಡ ಏರುತ್ತದೆ. ಕಾಲುಚೀಲದ ಒಳಮೈಯನ್ನು ಹೊರಗೆ ತಿರುವಿದಂತೆ, ನಳಿಕೆ ಕ್ಷಣಮಾತ್ರದಲ್ಲಿ ಹೊರಚಿಮ್ಮಿ ಪಕ್ಕದ ಜೀವಕೋಶವನ್ನು ಚುಚ್ಚುತ್ತದೆ. ಡಾಕ್ಟರು ಇಂಜೆಕ್ಷನ್ ಕೊಟ್ಟಂತೆ, ಬೀಜಾಣುವಿನ ಜೀವದ್ರವ್ಯ ಆ ನಳಿಕೆಯ ಮೂಲಕ ಕೋಶದೊಳಕ್ಕೆ ಹರಿಯುತ್ತದೆ! ಅಲ್ಲಿ ವೃದ್ಧಿಸಿ ಹೊಸ ಬೀಜಾಣುಗಳನ್ನು ಉಂಟುಮಾಡುತ್ತದೆ. ಅವು ಹಿಕ್ಕೆಯೊಂದಿಗೆ ಹೊರಬಿದ್ದು ತಟ್ಟೆಯಲ್ಲಿರುವ ಇತರ ಹುಳುಗಳಿಗೂ ರೋಗ ಹರಡುತ್ತವೆ. ಅಷ್ಟೇ ಅಲ್ಲ, ರೋಗ ತಗುಲಿದ ಹೆಣ್ಣುಹುಳು ಸಾಯದೆ ಉಳಿದು ಚಿಟ್ಟೆಯಾದರೆ, ಅದರ ಮೊಟ್ಟೆಯ ಮೂಲಕವೇ ರೋಗ ಮುಂದಿನ ಪೀಳಿಗೆಗೆ ದಾಟುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆ ಉದ್ಯಮ ಈ ರೋಗದಿಂದ ನೆಲಕಚ್ಚಿತು. 1853ರಲ್ಲಿ ಸುಮಾರು 26 ಸಾವಿರ ಟನ್ ಇದ್ದ ಗೂಡಿನ ಉತ್ಪಾದನೆ 1865ರ ವೇಳೆಗೆ 4 ಸಾವಿರ ಟನ್ನಿಗೆ ಇಳಿಯಿತು. ಆಗ ಅಲೆಸ್ ಪಟ್ಟಣಕ್ಕೆ ಬಂದವನು ಲೂಯಿ ಪಾಸ್ಚರ್. ಅವನಿಗೆ ರೇಷ್ಮೆ ಹುಳುವಿನ ಪರಿಚಯವೇ ಇರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡ ಕಣಗಳು ಪರೋಪಜೀವಿ ಎಂದು ಮೊದಲು ಅವನೂ ಒಪ್ಪಲಿಲ್ಲ. ಹಲವು ಪ್ರಯೋಗಗಳ ನಂತರ ತನ್ನ ತಪ್ಪನ್ನು ತಿದ್ದಿಕೊಂಡ.

ರೋಗ ವಾಸಿಮಾಡುವ ಮದ್ದು ಅವನಿಗೂ ಸಿಗಲಿಲ್ಲ. ಸಿಕ್ಕಿದ್ದು ರೋಗ ತಡೆಯುವ ಉಪಾಯ. ಪ್ರತಿ ಚಿಟ್ಟೆಯೂ ಬೇರೆ ಬೇರೆಯಾಗಿ ಮೊಟ್ಟೆಯಿಡಲಿ. ಬಳಿಕ ತಾಯಿಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಲಿ. ಬೀಜಾಣು ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡಲಿ. ಈ ವಿಧಾನವನ್ನು ವಿವರಿಸುವ ಅವನ ಗ್ರಂಥ 1870ರಲ್ಲಿ ಪ್ರಕಟವಾಯಿತು.

ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿಚಿಟ್ಟೆಗಳನ್ನು ಅರೆದು ಪರೀಕ್ಷಿಸುವುದು ಇದೇ ತತ್ವದ ಮೇಲೆ. ಮೊಟ್ಟೆಯನ್ನು ಬರಿಗಣ್ಣಿನಿಂದ ಎಷ್ಟು ನೋಡಿದರೂ ರೋಗ ತಿಳಿಯದು. ತಾಯಿಯನ್ನು ನೋಡಿದರೆ ತಿಳಿಯುತ್ತದೆ. ಕೆಲವು ನೂರು ಮೊಟ್ಟೆ ಸುಟ್ಟರೆ ನಷ್ಟ ಅಲ್ಪ. ಸುಡದೆ ಬಿಟ್ಟರೆ ರೈತನ ಇಡೀ ಬೆಳೆಯೇ ಹೋದೀತು.