ಸ್ವತಂತ್ರ ಪಕ್ಷ ಸತ್ತಿತು, ಸ್ವಾತಂತ್ರ್ಯ ಯಾರಿಗೆ ಬಂತು?



ವಸಂತನರಸಾಪುರದ ಸುತ್ತ ಹೊಲಗಳು ಹೋಗಿ ಕೈಗಾರಿಕಾ ಪ್ರದೇಶ ಎದ್ದಿದೆ. 2014ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಬಂದು ಫುಡ್ ಪಾರ್ಕ್ ಉದ್ಘಾಟಿಸಿ ಹೋದರು. ಪಹಣಿಯಲ್ಲಿ ಹೆಸರಿದ್ದವನು ಪರಿಹಾರ ಕೇಳಬಹುದು. ಪಹಣಿಯೇ ಇಲ್ಲದೆ ಅದೇ ಹೊಲದ ಕೂಲಿಯಲ್ಲಿ ಹೊಟ್ಟೆ ಹೊರೆದವನು ಏನು ಕೇಳಬೇಕು? ಈ ಪ್ರಶ್ನೆ ಇಟ್ಟುಕೊಂಡು ಹಳೆಯ ಪಕ್ಷವೊಂದರ ಕಥೆ ನೋಡೋಣ. ಆಸ್ತಿ ಮತ್ತು ಸ್ವಾತಂತ್ರ್ಯ ಎರಡೂ ಒಂದೇ ಅಂತ ಸಾರಿದ ಪಕ್ಷ ಅದು.

1959ರ ಜನವರಿಯಲ್ಲಿ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಸಹಕಾರಿ ಬೇಸಾಯದ ನಿರ್ಣಯ ಮಾಡಿತು. ಭೂಮಿಗೆ ಮಿತಿ ಹಾಕ್ತೀವಿ ಅಂದಿತು. ಉಳ್ಳವರ ಎದೆ ನಡುಗಿತು. ಅದೇ ವರ್ಷ ರಾಜಾಜಿ, ಎನ್.ಜಿ. ರಂಗಾ, ಮಿನೂ ಮಸಾನಿ ಸೇರಿ ಸ್ವತಂತ್ರ ಪಕ್ಷ ಕಟ್ಟಿದರು. ಲೈಸೆನ್ಸು-ಪರ್ಮಿಟ್ಟಿನ ರಾಜ್ಯ ಬೇಡ, ಸರ್ಕಾರ ಜನರ ಆಸ್ತಿಗೆ ಕೈ ಹಾಕಬಾರದು ಎಂಬುದು ಅವರ ಮಾತು. 1962ರಲ್ಲಿ ಲೋಕಸಭೆಯಲ್ಲಿ 18 ಸ್ಥಾನ. 1967ರಲ್ಲಿ 44. ವಿರೋಧ ಪಕ್ಷಗಳಲ್ಲೆಲ್ಲ ದೊಡ್ಡದಾಯಿತು. ಆಗಿನ ಮೈಸೂರು ರಾಜ್ಯದಲ್ಲೂ ಲೋಕಸಭೆಗೆ 5, ವಿಧಾನಸಭೆಗೆ 16 ಸ್ಥಾನ ಗೆದ್ದರು. ಉಡುಪಿಯಿಂದ ಹಳೆಯ ಐಸಿಎಸ್ ಅಧಿಕಾರಿ ಲೋಬೋ ಪ್ರಭು, ಚಿತ್ರದುರ್ಗದಿಂದ ಮಹಮದ್ ಇಮಾಂ ಹೋದರು. ನಮ್ಮ ತುಮಕೂರು ಆ ಸಲ ಪಿಎಸ್‌ಪಿಯ ಲಕ್ಕಪ್ಪನವರನ್ನು ಕಳಿಸಿತು.

ಆಮೇಲೆ? 1971ರಲ್ಲಿ ದೇಶಕ್ಕೆಲ್ಲ 8 ಸ್ಥಾನ. ಮೈಸೂರಿನ 27ಕ್ಕೆ 27ನ್ನೂ ಇಂದಿರಾ ಕಾಂಗ್ರೆಸ್ಸು ಬಾಚಿಕೊಂಡಿತು. 1972ರ ಡಿಸೆಂಬರಿನಲ್ಲಿ ರಾಜಾಜಿ ತೀರಿಕೊಂಡರು. 1974ರಲ್ಲಿ ಪಕ್ಷ ಚರಣ್ ಸಿಂಗರ ಭಾರತೀಯ ಲೋಕದಳದಲ್ಲಿ ಕರಗಿಹೋಯಿತು. ಹದಿನೈದೇ ವರ್ಷ!

ಗರೀಬಿ ಹಠಾವೋ ಗಾಳಿಯಲ್ಲಿ ಹಾರಿಹೋಯಿತು ಅಂತ ಪಂಡಿತರು ಹೇಳುತ್ತಾರೆ. ಗಾಳಿ ಬೀಸಿದ್ದು ನಿಜ. ಆದರೆ ಬೇರಿದ್ದ ಮರ ಅಷ್ಟು ಸುಲಭಕ್ಕೆ ಬೀಳುತ್ತದೆಯೇ? ಆ ಪಕ್ಷದ ವೇದಿಕೆ ಮೇಲೆ ಇದ್ದವರು ಯಾರು? ಜೈಪುರದ ಮಹಾರಾಣಿ. ಒರಿಸ್ಸಾದಲ್ಲಿ 1967ರಲ್ಲಿ ಮುಖ್ಯಮಂತ್ರಿಯಾದ ಮಾಜಿ ಮಹಾರಾಜ. ಜಮೀನ್ದಾರರು, ಗಿರಣಿ ಮಾಲೀಕರು. ರಾಜರ ರಾಜಧನ ರದ್ದು ಮಾಡುತ್ತೇವೆ ಎಂದಾಗ ಪಕ್ಷ ರಾಜರ ಪರ ನಿಂತಿತು. ಕಣದಲ್ಲಿ ಬಿದ್ದ ಕಾಳು ಆಯ್ದು ತಿನ್ನುವವನಿಗೆ ಅಲ್ಲಿ ಜಾಗ ಎಲ್ಲಿತ್ತು?

ಇದೇ ರಾಜಾಜಿ 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿ ತಂದ ಶಿಕ್ಷಣ ಯೋಜನೆ ನೆನಪಿಡಿ. ಮಕ್ಕಳು ಅರ್ಧ ಹೊತ್ತು ಶಾಲೆ, ಉಳಿದರ್ಧ ಹೊತ್ತು ಅಪ್ಪನ ಕಸುಬು ಕಲಿಯಬೇಕು! ಹೊಲೆಯನ ಮಗ ಏನು ಕಲಿಯಬೇಕಿತ್ತು? ಮಾದಿಗನ ಮಗ ಏನು ಕಲಿಯಬೇಕಿತ್ತು? ಜನ ರೊಚ್ಚಿಗೆದ್ದರು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಕಾಮರಾಜರು ಬಂದು ಯೋಜನೆ ಕಿತ್ತೆಸೆದರು. ಸರ್ಕಾರದ ಸಂಕೋಲೆ ಕಂಡವರಿಗೆ ಜಾತಿಯ ಸಂಕೋಲೆ ಕಾಣಲಿಲ್ಲ.

ಬಾಬಾಸಾಹೇಬರಿಗೆ ಎರಡೂ ಕಂಡಿದ್ದವು. ವ್ಯಕ್ತಿ ಸ್ವಾತಂತ್ರ್ಯಕ್ಕೆ ಸಂವಿಧಾನದಲ್ಲಿ ಕಾವಲು ಬೇಕು ಎಂದವರೇ 1947ರಲ್ಲಿ, ಬೇಸಾಯದ ಭೂಮಿ ಸರ್ಕಾರದ್ದಾಗಬೇಕು, ಸಾಮೂಹಿಕವಾಗಿ ಉಳಬೇಕು, ಒಡೆಯನೂ ಬೇಡ, ಗೇಣಿದಾರನೂ ಬೇಡ, ಭೂಮಿಯಿಲ್ಲದ ಕೂಲಿಯೂ ಬೇಡ ಎಂದು ಬರೆದರು. ಊರ ಗೌಡನ ಜಮೀನಿನಲ್ಲಿ ಕೂಲಿ ಮಾಡಿಕೊಂಡು, ಗೌಡನ ಎದುರು ಓಟಿನ ಸ್ವಾತಂತ್ರ್ಯ ಚಲಾಯಿಸುವುದು ಹೇಗೆ? ಸಂಜೆ ಒಲೆ ಹತ್ತಬೇಕಲ್ಲ!

ಹಾಗಂತ ಸರ್ಕಾರವನ್ನು ನಂಬಿ ಕೂರಲೂ ಆಗದು. ಸ್ವತಂತ್ರ ಪಕ್ಷ ಕರಗಿದ 1974ರಲ್ಲೇ ಅರಸು ಸರ್ಕಾರದ ಭೂಸುಧಾರಣೆ ಜಾರಿಗೆ ಬಂತು. ಉಳುವವನಿಗೆ ಭೂಮಿ ಎಂದರು. ಗೇಣಿದಾರನಿಗೆ ಸಿಕ್ಕಿತು. ನಮ್ಮಲ್ಲಿ ಬಹುಪಾಲು ಜನ ಗೇಣಿದಾರರಲ್ಲ, ಬರೀ ಕೂಲಿಗಳು. ಮಂಜೂರಾದ ತುಂಡು ಜಮೀನನ್ನೂ ಸಾಲ, ಮದುವೆ, ಕಾಯಿಲೆ ನೆಪದಲ್ಲಿ ಉಳ್ಳವರು ಬರೆಸಿಕೊಂಡರು. ಅದಕ್ಕೇ 1978ರ ಪಿಟಿಸಿಎಲ್ ಕಾಯ್ದೆ ಬಂತು. ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರುವ ಸ್ವಾತಂತ್ರ್ಯಕ್ಕೆ ಇದು ಅಡ್ಡಿಯಲ್ಲವೇ ಅಂತ ಉದಾರವಾದಿಗಳು ಕೇಳಬಹುದು. ಹೌದು, ಅಡ್ಡಿಯೇ. ಕೊರಳಿಗೆ ಹಗ್ಗ ಬಿದ್ದವನು ಮಾರುವುದು ಸ್ವಾತಂತ್ರ್ಯದಿಂದಲ್ಲ. ಆ ಜಮೀನು ವಾಪಸ್ ಕೇಳಲು ಕಾಲಮಿತಿ ಬೇಡ ಎಂಬ ತಿದ್ದುಪಡಿಗೂ 2023ರವರೆಗೆ ಕಾಯಬೇಕಾಯ್ತು.

ಪಕ್ಷ ಸತ್ತರೂ ಅದರ ಮಾತು ಸಾಯಲಿಲ್ಲ. 1991ರಲ್ಲಿ ದೆಹಲಿ ಲೈಸೆನ್ಸು ರಾಜ್ಯ ಕಳಚಿತು. 2020ರಲ್ಲಿ ಬೆಂಗಳೂರು, ಬೇಸಾಯಗಾರನಲ್ಲದವನೂ ಹೊಲ ಕೊಳ್ಳಬಹುದು ಎಂದು ಭೂಸುಧಾರಣಾ ಕಾಯ್ದೆ ತಿದ್ದಿತು. ದುಡ್ಡಿದ್ದವನಿಗೆ ಕೊಳ್ಳುವ ಸ್ವಾತಂತ್ರ್ಯ ಬಂತು. ಕೈಗಾರಿಕೆ ಹೆಸರಲ್ಲಿ ಜಮೀನು ಹಿಡಿಯುವ ಸರ್ಕಾರದ ಅಧಿಕಾರ ಮಾತ್ರ ಹಾಗೇ ಉಳಿಯಿತು. ನೂರು ಎಕರೆಯವನಿಗಾಗಿ ಅಂದು ಕೂಗಿದವರ ವಾರಸುದಾರರು, ಎರಡು ಎಕರೆಯವನಿಗಾಗಿ ಇಂದು ಯಾಕೆ ಕೂಗುತ್ತಿಲ್ಲ?

ಸರ್ಕಾರದ ಕೈಗೆ ಮಿತಿ ಇರಲಿ ಎಂಬ ಮಾತು ಸರಿ. ಅದನ್ನು ನಾವೇ ಹೇಳೋಣ, ನಮ್ಮವರ ಪರ ಹೇಳೋಣ. ಮಂಜೂರಾತಿ ಜಮೀನು ಮುಟ್ಟಬೇಡಿ. ಮುಟ್ಟಿದರೆ ಭೂಮಿಗೆ ಭೂಮಿ ಕೊಡಿ. ಪರಿಹಾರದ ಪಟ್ಟಿಯಲ್ಲಿ ಕೂಲಿಯವನ ಹೆಸರೂ ಇರಲಿ. ಎದ್ದ ಕಾರ್ಖಾನೆಯಲ್ಲಿ ನಮ್ಮ ಮಕ್ಕಳಿಗೆ ಗುತ್ತಿಗೆಯ ಕಸಬರಿಕೆಯಲ್ಲ, ಕಾಯಂ ಕೆಲಸ ಕೊಡಿ.

ಇದನ್ನು ಕೇಳದ ಪಕ್ಷ ಯಾವ ಹೆಸರಿಟ್ಟುಕೊಂಡರೂ ನಮ್ಮದಲ್ಲ.

ಜೈ ಭೀಮ್.