ಹೆಸರು ದೊಡ್ಡದು, ಹರಳು ಚಿಕ್ಕದು

ಬಿತ್ತನೆ ಆಲೂಗಡ್ಡೆಯ ವಿಚಾರವನ್ನು ಹಾಸನದ ರೈತರಿಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾದುದಿಲ್ಲ. ಜಲಂಧರದಿಂದ ಬಂದ ಚೀಲದ ಮೇಲಿನ ಚೀಟಿ ಏನನ್ನೇ ಹೇಳಲಿ, ಒಳಗಿನ ಗೆಡ್ಡೆಯ ಯೋಗ್ಯತೆ ತಿಳಿದುಬರುವುದು ಅದು ಮಣ್ಣಿಗೆ ಬಿದ್ದು ಕೆಲವು ವಾರಗಳು ಕಳೆದ ಮೇಲೆ. ಅಷ್ಟು ಹೊತ್ತಿಗೆ ಗೊಬ್ಬರದ ಹಣ, ಕೂಲಿಯ ಹಣ, ಮುಂಗಾರಿನ ಹದ ಎಲ್ಲವೂ ಕೈಬಿಟ್ಟು ಹೋಗಿರುತ್ತವೆ. ಈ ವಾರ ನಾವು ಬರೆಯಹೊರಟಿರುವುದು ಕೃಷಿಯನ್ನು ಕುರಿತಲ್ಲ. ಅದೇ ಜಿಲ್ಲೆಯ ಮನೆಗಳಲ್ಲಿ, ಓದುವ ಮೇಜಿನ ಒಂದು ಮೂಲೆಯಲ್ಲಿ, ಬೆಸುಗೆಯ ಕಡ್ಡಿ ಹಿಡಿದು ಕುಳಿತ ಹುಡುಗ ಹುಡುಗಿಯರಿಗೂ ಇಂಥದೇ ಒಂದು ವಂಚನೆ ಕಾದಿರುತ್ತದೆ. ಅಲ್ಲಿ ಚೀಲದ ಬದಲು ಉಗುರಿನಗಲದ ಕಪ್ಪು ಚಿಪ್; ಚೀಟಿಯ ಬದಲು ಅದರ ಬೆನ್ನಿನ ಮೇಲೆ ಅಚ್ಚಾದ ನಾಲ್ಕಾರು ಅಕ್ಷರಗಳು.

ಹವ್ಯಾಸಿಗಳು ಮೊದಲು ಕಟ್ಟುವ ಯಂತ್ರ ಸಾಮಾನ್ಯವಾಗಿ ಆಂಪ್ಲಿಫೈಯರೇ. ಇಟಲಿಯ ಎಸ್.ಜಿ.ಎಸ್. ಸಂಸ್ಥೆ ರೂಪಿಸಿದ ಟಿ.ಡಿ.ಎ. 2030 ಎಂಬ ಐದು ಕಾಲಿನ ಚಿಪ್ ಸುಮಾರು 14 ವಾಟ್ ಕೊಡಬಲ್ಲದು. ಅದಕ್ಕಿಂತ ಬಲವಾದುದು ಅದೇ ಮನೆತನದ ಟಿ.ಡಿ.ಎ. 2050. ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯ ಎಲ್.ಎಂ. 1875 ಸಹ ಬಲಶಾಲಿ; ನಾದಶುದ್ಧಿಗೆ ಹೆಸರಾದುದು. ಸ್ವಾರಸ್ಯವೇನೆಂದರೆ ಈ ಮೂರರ ಆಕಾರ ಒಂದೇ, ಕಾಲುಗಳ ಜೋಡಣೆಯೂ ಒಂದೇ. ಒಂದನ್ನು ಕಿತ್ತು ಅದೇ ರಂಧ್ರಗಳಲ್ಲಿ ಇನ್ನೊಂದನ್ನು ಕೂರಿಸಬಹುದು. ತಂತ್ರಜ್ಞರು ಅನುಕೂಲಕ್ಕೆಂದು ಮಾಡಿದ ಈ ಏರ್ಪಾಡು ಖೋಟಾದಾರನಿಗೆ ವರವಾಗಿ ಪರಿಣಮಿಸಿತು. ಅಗ್ಗದ 2030ರ ಬೆನ್ನನ್ನು ಉಜ್ಜಿ, ದುಬಾರಿಯ 1875 ಎಂದು ಬರೆದರಾಯಿತು.

ಹೊಳೆನರಸೀಪುರದಲ್ಲಿ ಒಬ್ಬ ಪಿ.ಯು.ಸಿ. ವಿದ್ಯಾರ್ಥಿ ಇರುವನೆಂದು ಭಾವಿಸೋಣ. ಎಲ್.ಎಂ. 1875ರ ವಿವರಪತ್ರವನ್ನು ಶ್ರದ್ಧೆಯಿಂದ ಓದಿರುವನು. ಧನ, ಋಣ ಎರಡು ಕಡೆಗೂ 25 ವೋಲ್ಟ್ ಕೊಟ್ಟರೆ 20 ವಾಟ್ ಬರುವುದೆಂದು ಅಲ್ಲಿದೆ. ಒಟ್ಟು 60 ವೋಲ್ಟಿನವರೆಗೆ ಅದು ತಾಳಬಲ್ಲದು. ಆದ್ದರಿಂದ 18-0-18ರ ಟ್ರಾನ್ಸ್‌ಫಾರ್ಮರ್ ತಂದಿರುವನು. ಅದರ ಪರ್ಯಾಯ ಪ್ರವಾಹವನ್ನು ನೇರಗೊಳಿಸಿದಾಗ ದೊರೆಯುವುದು ಸರಿಸುಮಾರು 25 ವೋಲ್ಟೇ. ಲೆಕ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ. ಆದರೆ ಹೊಟ್ಟೆಯೊಳಗೆ ಕುಳಿತಿರುವುದು 2030. ಅದರ ಪರಮಾವಧಿ ಎರಡು ಕಡೆಗೂ 18 ವೋಲ್ಟ್. ಸ್ವಿಚ್ ಒತ್ತಿದ ಒಡನೆಯೋ, ಹತ್ತು ನಿಮಿಷ ಹಾಡಿದ ಮೇಲೆಯೋ ಅದು ಸಾಯುತ್ತದೆ. ಒಳಗಿನ ಟ್ರಾನ್ಸಿಸ್ಟರ್ ಒಡೆದು ನೇರ ದಾರಿಯಾದರೆ ಆ 25 ವೋಲ್ಟೂ 8 ಓಮಿನ ಸ್ಪೀಕರಿನೊಳಕ್ಕೆ ನುಗ್ಗುತ್ತದೆ. 25ನ್ನು 25ರಿಂದ ಗುಣಿಸಿ 8ರಿಂದ ಭಾಗಿಸಿರಿ: 78 ವಾಟ್, ಅದೂ ಎಡೆಬಿಡದೆ. ಸ್ಪೀಕರಿನ ಸುರುಳಿ ಕರಕಲಾಗಲು ಬಹಳ ಹೊತ್ತು ಬೇಕಾಗಿಲ್ಲ. ಪಕ್ಕದಲ್ಲಿ ಪರದೆಯೋ ಕಾಗದವೋ ಇದ್ದರೆ ಅಪಾಯ ಇನ್ನೂ ಹೆಚ್ಚಿನದು.

ಇದು ಹಣದ ನಷ್ಟ. ನನಗೆ ಹೆಚ್ಚು ಕಳವಳ ಉಂಟುಮಾಡುವುದು ಇದರ ಮುಂದಿನ ಭಾಗ. ಹುಡುಗನು ಚಿಪ್ಪನ್ನು ಸಂಶಯಿಸುವುದಿಲ್ಲ. ಅದರ ಮೇಲೆ ದೊಡ್ಡ ಸಂಸ್ಥೆಯ ಹೆಸರಿದೆಯಲ್ಲವೆ? ತನ್ನ ಬೆಸುಗೆಯನ್ನೇ ಸಂಶಯಿಸುವನು. ಪ್ರತಿಯೊಂದು ಸಂದನ್ನೂ ಭೂತಗನ್ನಡಿಯಲ್ಲಿ ನೋಡುವನು, ಕೆಪಾಸಿಟರುಗಳನ್ನು ಬದಲಾಯಿಸುವನು, ಅದೇ ಅಂಗಡಿಯ ಅದೇ ಕೊಳವೆಯಿಂದ ಇನ್ನೊಂದು ಚಿಪ್ ತರುವನು. ಅದೂ ಸುಡುವುದು. ಮನೆಯ ಹಿರಿಯರು “ಇದೆಲ್ಲ ನಿನಗೆ ಹತ್ತುವ ವಿದ್ಯೆಯಲ್ಲ, ಪರೀಕ್ಷೆಗೆ ಓದು” ಎನ್ನುವರು; ಅವನೂ ಹೌದೆಂದುಕೊಳ್ಳುವನು. ಪ್ರಯೋಗದಿಂದ ಕಲಿಯಬೇಕಾದರೆ ಒಂದು ಕಡೆಯಾದರೂ ನಿಜ ನಿಂತಿರಬೇಕು. ಎಲ್ಲ ಸರಿಯಾಗಿ ಮಾಡಿದವನಿಗೂ ತಪ್ಪು ಮಾಡಿದವನಿಗೂ ಒಂದೇ ಫಲ ಬಂದರೆ ಅವನು ಕಲಿಯುವುದಾದರೂ ಏನನ್ನು?

ಈ ಸರಕು ಹುಟ್ಟುವ ಬಗೆಯೂ ತಿಳಿದಿರಲಿ. ಲೋಕದ ಮೂಲೆಮೂಲೆಯ ಹಳೆಯ ಕಂಪ್ಯೂಟರು, ಟೆಲಿವಿಷನ್ನುಗಳ ಹಲಗೆಗಳನ್ನು ಬಿಸಿಮಾಡಿ, ಬೆಸುಗೆ ಕರಗಿದೊಡನೆ ಚಿಪ್ಪುಗಳನ್ನು ಉದುರಿಸಿಕೊಳ್ಳುವರು. ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಗುಯಿಯು ಎಂಬ ಊರು ಈ ಶತಮಾನದ ಮೊದಲ ದಶಕದಲ್ಲಿ ಇದಕ್ಕೆ ಕುಖ್ಯಾತವಾಗಿತ್ತು. ಬಳಿಕ ಹಳೆಯ ಅಕ್ಷರಗಳನ್ನು ಉಜ್ಜಿ ಅಳಿಸಿ, ಮೇಲೊಂದು ತೆಳುವಾದ ಕಪ್ಪು ಲೇಪ ಬಳಿದು, ಹೊಸ ಹೆಸರನ್ನು ಒತ್ತುವರು. ಇದು ಹವ್ಯಾಸಿಗಳಿಗೆ ಮಾತ್ರ ತಗಲಿದ ಪೀಡೆಯಲ್ಲ. ಅಮೆರಿಕದ ಸೆನೆಟ್ಟಿನ ಸಶಸ್ತ್ರಸೇನಾ ಸಮಿತಿ 2012ರಲ್ಲಿ ಹೊರಡಿಸಿದ ವರದಿಯಲ್ಲಿ, ಆ ದೇಶದ ಸೈನ್ಯದ ಸರಬರಾಜಿನಲ್ಲಿಯೇ ಶಂಕಿತ ಖೋಟಾ ಬಿಡಿಭಾಗಗಳ ಸುಮಾರು 1800 ಪ್ರಕರಣಗಳು, ಒಟ್ಟು ಹತ್ತು ಲಕ್ಷಕ್ಕೂ ಮೀರಿದ ಬಿಡಿಭಾಗಗಳು ಸಿಕ್ಕಿದುವೆಂದು ಹೇಳಿದೆ. ಅಷ್ಟು ಕಾವಲಿರುವ ಕಡೆಯೇ ಹೀಗಾದರೆ, ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯ ಸಗಟು ಸರಕು ಹಾಸನಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಅರಕಲಗೂಡನ್ನು ಮುಟ್ಟುವ ದಾರಿಯಲ್ಲಿ ಪರೀಕ್ಷಿಸುವವರಾರು? ಚಿಲ್ಲರೆ ಅಂಗಡಿಯವನು ಅನೇಕ ವೇಳೆ ತಾನೂ ಮೋಸಹೋದವನೇ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು.

ಒಂದು ಭೇದವನ್ನು ಇಲ್ಲಿ ಕಾಣಿಸದಿದ್ದರೆ ಅನ್ಯಾಯವಾದೀತು. ಆಟೋರಿಕ್ಷಾ, ಟ್ರ್ಯಾಕ್ಟರುಗಳಲ್ಲಿ ಹಾಡು ಕೇಳಿಸುವ ಎಲ್.ಎ. 4440 ಚಿಪ್ಪನ್ನು ನಮ್ಮ ರೇಡಿಯೋ ರಿಪೇರಿಯವರೆಲ್ಲರೂ ಬಲ್ಲರು. ಜಪಾನಿನ ಸ್ಯಾನ್ಯೋ ಮಾಡಿದುದು. ಬೇರೆ ಬೇರೆಯಾಗಿ 6 ವಾಟಿನ ಎರಡು ವಾಹಿನಿ, ಜೋಡಿಸಿದರೆ 19 ವಾಟ್. ಸ್ಯಾನ್ಯೋದ ಅರೆವಾಹಕ ವಿಭಾಗವೇ 2011ರಲ್ಲಿ ಅಮೆರಿಕದ ಒಂದು ಸಂಸ್ಥೆಗೆ ಸೇರಿಹೋಯಿತು. ಚೀನಾದ ತಯಾರಕರು ಅದೇ ವಿನ್ಯಾಸವನ್ನು ಸಿ.ಡಿ. 4440 ಎಂಬ ತಮ್ಮದೇ ಹೆಸರಿನಲ್ಲಿ ಮಾರುವರು. ಅದು ಅನುಕರಣ, ಖೋಟಾ ಅಲ್ಲ. ತನ್ನ ಹೆಸರು ಹೇಳಿಕೊಂಡು ಬಂದವನ ಗುಣಾವಗುಣಗಳನ್ನು ನಾವು ತೂಗಿನೋಡಬಹುದು. ಅದರ ಮೇಲೆಯೇ ಸ್ಯಾನ್ಯೋ ಎಂದು ಬರೆದರೆ ಮಾತ್ರ ಅದು ಕಳ್ಳತನ.

ಚನ್ನರಾಯಪಟ್ಟಣದ ಜಾತ್ರೆ ಮದುವೆಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುವವರ ತೊಂದರೆ ಇನ್ನೊಂದು ಬಗೆಯದು. ತೋಷಿಬಾದ 2ಎಸ್‌ಸಿ5200 ಎಂಬ ಟ್ರಾನ್ಸಿಸ್ಟರಿಗೆ 230 ವೋಲ್ಟ್, 15 ಆಂಪಿಯರ್, 150 ವಾಟಿನ ಶಕ್ತಿ. ಲೋಕದಲ್ಲಿ ಅತಿ ಹೆಚ್ಚು ಖೋಟಾ ಆಗಿರುವ ಬಿಡಿಭಾಗಗಳಲ್ಲಿ ಇದೂ ಒಂದು. ನಕಲಿಯೊಳಗಿನ ಸಿಲಿಕಾನ್ ಹರಳು ಅಸಲಿಯದಕ್ಕಿಂತ ಬಹಳ ಚಿಕ್ಕದಾಗಿರುವುದು ಸಾಮಾನ್ಯ. ಮನೆಯಲ್ಲಿ ಮೆಲ್ಲಗೆ ಹಾಡಿಸಿ ನೋಡಿದಾಗ ಎಲ್ಲವೂ ಸರಿಯಾಗಿರುತ್ತದೆ. ತೇರು ಹೊರಟ ಹೊತ್ತಿಗೆ ಮೌನ.

ನೋಡಿರಿ, ಇದೇ ಹಾಸನದಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಭೂಮಿಯಿಂದ 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಅಲ್ಲಿಂದ ನಡೆಸುವರು. ಉಪಗ್ರಹಕ್ಕೆ ಸೇರುವ ಒಂದೊಂದು ಬಿಡಿಭಾಗಕ್ಕೂ ಹುಟ್ಟಿದ ಕಾರ್ಖಾನೆಯಿಂದ ಮೊದಲ್ಗೊಂಡು ಜಾತಕ ಬರೆದಿರುತ್ತದೆ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸಿನ ಟ್ರಾನ್ಸಿಸ್ಟರುಗಳು ಹವ್ಯಾಸಿಗಳ ಕೈಸೇರುತ್ತಿದ್ದ ಕಾಲದಲ್ಲಿ ಇಂಥ ಜಾತಕ ಇಲ್ಲದಿದ್ದರೂ ಕಾರ್ಖಾನೆಗೂ ಕೊಳ್ಳುವವನಿಗೂ ನಡುವಣ ದಾರಿ ಗಿಡ್ಡದಾಗಿತ್ತು. ಈಗಿನ ಹುಡುಗನಿಗೆ ಆ ಗಿಡ್ಡ ದಾರಿಯೂ ಇಲ್ಲ.

ಒರೆಗಲ್ಲು ಇಲ್ಲವೆ ಎಂದು ಕೇಳುವಿರಿ. ಅಲ್ಪಸ್ವಲ್ಪ ಇದೆ. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ದ್ರವದಲ್ಲಿ ಬಿಳಿ ಬಟ್ಟೆ ಅದ್ದಿ ಚಿಪ್ಪಿನ ಬೆನ್ನನ್ನು ಉಜ್ಜಿರಿ. ಹಳೆಯ ಶಾಯಿಯ ಅಕ್ಷರ ಅಳಿಸಿದ ಮಾತ್ರಕ್ಕೆ ನಕಲಿಯೆನ್ನಲಾಗದು. ಮೈಯ ಕಪ್ಪೇ ಬಟ್ಟೆಗೆ ಹತ್ತಿಕೊಂಡು ಕೆಳಗೆ ಗೀರುಗಳು ಕಂಡರೆ ಸಂದೇಹಪಡಲು ಕಾರಣವುಂಟು. ಮೊದಲ ಸಲ ವಿದ್ಯುತ್ ಕೊಡುವಾಗ ಸ್ಪೀಕರ್ ಜೋಡಿಸದೆ, ಎರಡು ತಂತಿಗಳಲ್ಲೂ 22 ಓಮಿನ ಅರ್ಧ ವಾಟ್ ರೆಸಿಸ್ಟರನ್ನು ಸೇರಿಸಿ, ಅದರ ಎರಡು ತುದಿಗಳ ನಡುವಣ ವೋಲ್ಟನ್ನು ಅಳೆಯಿರಿ. ಎಲ್.ಎಂ. 1875 ಸುಮ್ಮನಿರುವಾಗ ಸುಮಾರು 70 ಮಿಲಿಆಂಪಿಯರ್ ಎಳೆಯುತ್ತದೆ, ಎಂದರೆ ಒಂದೂವರೆ ವೋಲ್ಟ್. 2030 ಎಳೆಯುವುದು 40ರ ಸುಮಾರು. ಒಂದು ವೋಲ್ಟಿಗೆ ಕೊಂಚ ಕಡಮೆ. ಇದು ಸಾಕ್ಷಿಯೇ ಹೊರತು ತೀರ್ಪಲ್ಲ. ಐದಾರು ವೋಲ್ಟ್ ಕಂಡರೆ ತಕ್ಷಣ ಆರಿಸತಕ್ಕದ್ದು. ಸುಟ್ಟರೂ ಒಂದೆರಡು ರೂಪಾಯಿಯ ರೆಸಿಸ್ಟರ್ ಸುಟ್ಟೀತು.

ಅದಕ್ಕಿಂತ ಸುಲಭವಾದುದು, ಮೊದಲ ಯಂತ್ರಕ್ಕೆ 12-0-12ರ ಟ್ರಾನ್ಸ್‌ಫಾರ್ಮರನ್ನೇ ಇಟ್ಟುಕೊಳ್ಳುವುದು. ಎರಡು ಕಡೆಗೂ 16-17 ವೋಲ್ಟ್ ಬರುವುದರಿಂದ, ಬೆನ್ನ ಮೇಲೆ ಯಾವ ಹೆಸರಿದ್ದರೂ ಒಳಗಿರುವ 2030 ಬದುಕಿಕೊಳ್ಳುತ್ತದೆ. ನಡುಮನೆಗೆ ಹತ್ತು ವಾಟ್ ಧಾರಾಳವಾಗಿ ಸಾಕು. ನೆರೆಯವರ ಅಭಿಪ್ರಾಯವೂ ಇದೇ ಇದ್ದೀತು. ದೊಡ್ಡದೇ ಬೇಕೆಂದರೆ ತಯಾರಕರ ಅಧಿಕೃತ ವಿತರಕರಿಂದ ಬಿಲ್ಲು ಸಹಿತ ತರಿಸಬೇಕು. ಬೆಲೆ ಕೆಲವು ಪಟ್ಟು ಹೆಚ್ಚಾದೀತು. 1999ರ ವಾಣಿಜ್ಯ ಚಿಹ್ನೆಗಳ ಶಾಸನದಲ್ಲಿ ಸುಳ್ಳು ಚಿಹ್ನೆ ಒತ್ತಿದವನಿಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಿದೆಯಾದರೂ, ಒಂದು ಚಿಪ್ಪಿನ ಸಲುವಾಗಿ ನ್ಯಾಯಾಲಯದ ಮೆಟ್ಟಿಲೇರುವ ಹವ್ಯಾಸಿಯನ್ನು ಕಾಣುವುದು ಕಷ್ಟ.

ಸುಟ್ಟುಹೋದ ಚಿಪ್ಪನ್ನು ಎಸೆಯಬೇಡಿರಿ. ಕಣ್ಣಿಗೆ ಕನ್ನಡಕ ಧರಿಸಿ, ಹಿರಿಯರೊಬ್ಬರು ಜೊತೆಗಿರುವಾಗ ಇಕ್ಕಳದಿಂದ ಒಡೆದು, ಒಳಗಿನ ಹರಳಿನ ಉದ್ದಗಲಗಳನ್ನು ಅಳೆದು, ನಂಬಿಕಸ್ಥ ಕಡೆಯಿಂದ ಬಂದು ಸತ್ತ ಇನ್ನೊಂದರ ಹರಳಿನೊಡನೆ ಹೋಲಿಸಿರಿ. ಎರಡನ್ನೂ ಒಂದು ರಟ್ಟಿಗೆ ಅಂಟಿಸಿ, ತಂದ ಅಂಗಡಿಯನ್ನೂ ತಾರೀಖನ್ನೂ ಕೆಳಗೆ ಬರೆದಿಟ್ಟುಕೊಂಡು, ಮುಂದಿನ ಸಲ ಬಿಡಿಭಾಗ ಕೊಳ್ಳಲು ಹೋಗುವಾಗ ಆ ರಟ್ಟನ್ನು ಅಂಗಡಿಯವನಿಗೂ ತೋರಿಸಿರಿ.