ಕೋಡ್ ಬರೀ ದೂರು, ತೀರ್ಪಲ್ಲ (ಹಳೇ ಕಾರು, ಭಾಗ 6)

ಸ್ಕ್ಯಾನರ್‌ನಲ್ಲಿ ಯು0121 ಬಂದ ತಕ್ಷಣ "ಎಬಿಎಸ್ ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕೋಣ" ಅನ್ನೋದು ರಿಪೇರಿ ಅಲ್ಲ, ನಮ್ಮ ದುಡ್ಡಲ್ಲಿ ಆಡೋ ಜೂಜು.

ಆ ಕೋಡ್ ಹೇಳೋದು ಇಷ್ಟೇ: ಎಬಿಎಸ್ ಮಾಡ್ಯೂಲ್ ಜೊತೆ ಮಾತು ನಿಂತಿದೆ. ಯಾಕೆ ಅಂತ ಹೇಳಲ್ಲ. ಬಂದು ಬಂದು ಹೋಗೋ ದೋಷಕ್ಕೆ ಮೊದಲು ನೋಡಬೇಕಾದ್ದು ತುಕ್ಕು ಹಿಡಿದ ಅರ್ಥ್, ಹಸಿರುಗಟ್ಟಿದ ಕನೆಕ್ಟರ್ ಪಿನ್, ಒಳಗೇ ತುಂಡಾದ ವೈರ್.

ಬ್ಯಾಟರಿ ಕಳಚಿ, ಓಬಿಡಿ ಸಾಕೆಟ್‌ನ 6 ಮತ್ತು 14ನೇ ಪಿನ್ ನಡುವೆ ಮಲ್ಟಿಮೀಟರ್ ಇಡಿ. ಕ್ಯಾನ್ ಇರೋ ಬಹುತೇಕ ಕಾರುಗಳಲ್ಲಿ ಸುಮಾರು 60 ಓಮ್ ಬರಬೇಕು. 120 ಬಂದ್ರೆ ಒಂದು ಕಡೆಯ ರೆಸಿಸ್ಟರ್ ಅಥವಾ ಅದರ ವೈರ್ ಕಟ್. ಮೀಟರ್ ನೋಡ್ತಾ ವೈರಿಂಗ್ ಅಲ್ಲಾಡಿಸಿ. ಅಂಕಿ ಕುಣಿದ ಕಡೆ ಕಳ್ಳ ಇದಾನೆ.

"ಅಷ್ಟೊತ್ತು ಯಾರು ಹುಡುಕ್ತಾರೆ?" ಅನ್ನೋರೇ, ಹುಡುಕಿದ ಕೂಲಿ ಕೇಳಿ, ಕೊಡ್ತೀವಿ. ಕೆಡದ ಸೆನ್ಸರ್‌ಗೆ ಬಿಲ್ ಹಾಕಬೇಡಿ.

ಗಾಡಿ ಓನರ್‌ಗಳೇ, ಪಾರ್ಟ್ ಬದಲಾಯಿಸೋ ಮುಂಚೆ ಒಂದೇ ಮಾತು ಕೇಳಿ: "ಅಳತೆ ಎಷ್ಟು ಬಂತು, ತೋರಿಸಿ."